ಏಟಿಗೆ ಮೊದಲು ಎದ್ದ ಕೈ

ಬೆಳಿಗ್ಗೆ ಎದ್ದಾಗಿನಿಂದ ಅವನ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗಿತ್ತು. ಬಚ್ಚಲಿನ ಕನ್ನಡಿಯ ಮುಂದೆ ಬಾಯಿ ಕಳೆದು, ಕೆನ್ನೆಯನ್ನು ಬೆರಳಿಂದ ಎಳೆದು ನೋಡಿದ, ಏನೂ ಇರಲಿಲ್ಲ. ಆದರೂ ನಾಲಿಗೆ ಬಿಡದೆ ಅಲ್ಲಿಗೇ ಹೋಗುತ್ತಿತ್ತು. ನಿನ್ನೆ ಮಧ್ಯಾಹ್ನ ನೋಡಿದ ಮುದುಕಿಯ ಚಿತ್ರವೂ ಹಾಗೇ ಎಲ್ಲೋ ಸಿಕ್ಕಿಕೊಂಡು ಕೂತಿತ್ತು. ಹೆದರಿಕೆಯಿಂದಲ್ಲ. ಹೆದರುವುದಿರಲಿ, ಚಿತ್ರ ನೋಡುತ್ತಾ ತಟ್ಟೆ ಪಕ್ಕಕ್ಕಿಟ್ಟು ಅವನಿಗೆ ಎಷ್ಟು ವರ್ಷವಾಯಿತೋ. ನಿನ್ನೆಯೂ ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡು ತಿನ್ನುತ್ತಲೇ ನೋಡಿದ್ದ. ಒಂದು ಕೋಣೆ, ಒಂದು ಕಬ್ಬಿಣದ ಮಂಚ, ಗೋಡೆಯ ಕಡೆ ತಿರುಗಿ ಕೂತ ಒಬ್ಬ ಮುದುಕಿ. ಕೂದಲನ್ನು ಗಂಡುಹುಡುಗರ ಹಾಗೆ ಗಿಡ್ಡಕ್ಕೆ ಕತ್ತರಿಸಿ, ಹಣೆಯ ಮೇಲೆ ಮಾತ್ರ ಒಂದಿಷ್ಟು ಬಿಟ್ಟಿದ್ದರು. ಕ್ಯಾಮೆರಾ ಮಂಚಕ್ಕಿಂತ ಸ್ವಲ್ಪ ಎತ್ತರದಲ್ಲಿ, ಅಲ್ಲಾಡದೆ, ಕೆಟ್ಟ ಬೆಳಕಿನಲ್ಲಿ. ಬಹಳ ಹೊತ್ತು ಏನೂ ನಡೆಯುವುದಿಲ್ಲ. ಆಮೇಲೆ ನೀಲಿ ಅಂಗಿಯ ತೋಳೊಂದು ಒಳಗೆ ಬಂದು ಮುದುಕಿಯ ಬಾಯಿಗೆ ಚಮಚ ಹಿಡಿಯುತ್ತದೆ. ಮುದುಕಿ ಅರ್ಧ ತಿರುಗಿ ತುಟಿ ಬಿಗಿಹಿಡಿಯುತ್ತಾಳೆ, ಮುಖ ಆ ಬೆಳಕಿನಲ್ಲಿ ಅರೆಬರೆ. ಚಮಚ ಕೆಳಗಿಳಿಯುತ್ತದೆ. ಮುದುಕಿ ಕೈಯೆತ್ತಿ ಮುಖ ಮುಚ್ಚಿಕೊಳ್ಳುತ್ತಾಳೆ, ಆಮೇಲೆ ಏಟು ಬೀಳುತ್ತದೆ. ಒಂದೇ ಏಟು. ಕೂಗಿಲ್ಲ, ರಕ್ತವಿಲ್ಲ, ಸಂಗೀತವಿಲ್ಲ. ತೋಳು ಹೊರಟುಹೋಗುತ್ತದೆ, ಮತ್ತೆ ಅದೇ ಬೆನ್ನು, ಅದೇ ಗೋಡೆ.

ಚಿತ್ರದ ಜೊತೆ ಬಂದಿದ್ದ ಮಾತು ಎರಡೇ: 'ನೋಡು. ನೋಡಿ ಹೇಳು.' ಕಳಿಸಿದವರ ಹೆಸರಿನ ಜಾಗದಲ್ಲಿ 'ರಿಸೆಪ್ಷನ್' ಎಂದಿತ್ತು. ಈ ಚಿತ್ರಗಳನ್ನು ಮಾಡುವವರು ಯಾರೂ ಸ್ವಂತ ಹೆಸರು ಹಾಕುವುದಿಲ್ಲ. ಒಬ್ಬ 'ಚರಂಡಿ', ಇನ್ನೊಬ್ಬ 'ಹಳೇ ಬ್ಲೇಡು', ಮಗದೊಬ್ಬ 'ಪಕ್ಕದ ಮನೆ'. ಅವರ ನಡುವೆ ಒಬ್ಬ 'ರಿಸೆಪ್ಷನ್' ಇದ್ದರೆ ಅದರಲ್ಲೇನು ವಿಶೇಷ? ಪರವಾಗಿಲ್ಲ, ಹೆಸರಿನಲ್ಲಿ ಸ್ವಲ್ಪ ತಲೆ ಓಡಿಸಿದ್ದಾನೆ ಅಂದುಕೊಂಡಿದ್ದ. ಕಳಿಸಿದವರಿಗೆಲ್ಲ ತಪ್ಪದೆ ಉತ್ತರ ಬರೆಯುವುದು ಅವನ ಪದ್ಧತಿ. ಥಿಯೇಟರಿನ ಮೆಟ್ಟಿಲು ಹತ್ತದ, ಸೆನ್ಸಾರಿನವರಿಗೆ ತೋರಿಸಲೂ ಆಗದ, ಕೈಯಿಂದ ಕೈಗೆ ಕದ್ದುಮುಚ್ಚಿ ಹೋಗುವ ಇಂಥ ಚಿತ್ರಗಳಿಗೆ ಅವರ ಬಳಗದಲ್ಲಿ ನೆಲಮಾಳಿಗೆ ಚಿತ್ರ ಎಂದು ಹೆಸರು. ಅವುಗಳ ಬಗ್ಗೆ ನಾಲ್ಕು ಸಾಲು ನೆಟ್ಟಗೆ ಬರೆಯುವವನು ಅವನೊಬ್ಬನೇ. ಹಾಗಾಗಿ ತಿಂದ ತಟ್ಟೆ ತೊಳೆದಿಟ್ಟು ಕೈ ಒರೆಸಿಕೊಂಡು 'ರಿಸೆಪ್ಷನ್'ಗೂ ಬರೆದ: 'ಸಂಯಮ ಮೆಚ್ಚುವಂಥದ್ದು. ಕೋಣೆ ನಂಬಿಸುತ್ತದೆ, ಬೆನ್ನು ಅದಕ್ಕಿಂತ ಹೆಚ್ಚು ನಂಬಿಸುತ್ತದೆ. ಆದರೆ ಒಂದು ದೊಡ್ಡ ತಪ್ಪಾಗಿದೆ. ಏಟಿನ ಕೈ ಏಳುವ ಮೊದಲೇ ಮುದುಕಿಯ ಕೈ ಏಳುತ್ತದೆ. ನಟಿಗೆ ಚಿತ್ರಕಥೆ ಮೊದಲೇ ಗೊತ್ತಿದೆ. ಆ ಒಂದು ಕ್ಷಣದಲ್ಲಿ ಇಡೀ ಚಿತ್ರ ಸುಳ್ಳಾಗಿಬಿಡುತ್ತದೆ.' ಬರೆದದ್ದು ತನಗೇ ಇಷ್ಟವಾಗಿ ಅದನ್ನೇ ಸ್ವಲ್ಪ ಹಿಗ್ಗಿಸಿ ಸಂಪಾದಕನಿಗೂ ಕಳಿಸಿದ್ದ.

ಸಂಪಾದಕ ಅದನ್ನು ಬೆಳಿಗ್ಗೆಯೇ ತನ್ನ ಅಂತರ್ಜಾಲ ಪತ್ರಿಕೆಯಲ್ಲಿ ಹಾಕಿದ್ದ. ಚಹಾಕ್ಕೆ ನೀರಿಟ್ಟು ಅವನು ಮೊಬೈಲಿನಲ್ಲಿ ಓದುಗರ ಮಾತು ನೋಡಿದ. 'ಲಿಂಕ್ ಕೊಡಿ ಗುರುಗಳೇ.' 'ಮುದುಕೀನ ಹೊಡೆಯೋದಾ? ಹೊಸದು!' 'ಕಲ್ಗಣ್ಣನ ಕಣ್ಣಿಗೆ ಮಣ್ಣೆರಚೋಕೆ ಆಗಲ್ಲ.' ಕಲ್ಗಣ್ಣ ಎಂದರೆ ಅವನೇ. ಎಂಥದ್ದನ್ನು ಕಂಡರೂ ಎವೆಯಿಕ್ಕದವನು ಎಂದು ಬಳಗದವರು ಇಟ್ಟ ಹೆಸರು, ಅವನಿಗೂ ಒಳಗೊಳಗೇ ಖುಷಿಯೇ. ದೊಡ್ಡ ಪತ್ರಿಕೆಯ ವಿಮರ್ಶಕನೊಬ್ಬ ಒಮ್ಮೆ ಇಂಥದೇ ಚಿತ್ರಕ್ಕೆ ಹೋಗಿ ಅರ್ಧಕ್ಕೆ ಎದ್ದು ಬಂದು, ಇದನ್ನು ಮಾಡಿದವರನ್ನಲ್ಲ, ನೋಡುವವರನ್ನು ಮೊದಲು ಡಾಕ್ಟರಿಗೆ ತೋರಿಸಬೇಕು ಎಂದು ಬರೆದಿದ್ದ. ಬಳಗದವರು ಅದೇ ಸಾಲನ್ನು ಪೋಸ್ಟರಿನ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿಕೊಂಡು ಕುಣಿದಾಡಿದರು. ಒಂದು ಕಡೆ ಮೂಗು ಮುಚ್ಚಿಕೊಳ್ಳುವವರು, ಇನ್ನೊಂದು ಕಡೆ ಎಷ್ಟು ಜನ ವಾಂತಿ ಮಾಡಿಕೊಂಡರು ಎಂದು ಎಣಿಸಿ ಚಪ್ಪಾಳೆ ತಟ್ಟುವವರು. ನಡುವೆ ನಿಂತು, ಸ್ವಾಮೀ, ಇಲ್ಲಿ ಬೆಳಕು ನೋಡಿ, ಇಲ್ಲಿ ಸಂಕಲನದ ಕತ್ತರಿ ನೋಡಿ, ನೋವು ನಂಬಿಸುತ್ತದೆಯೋ ಇಲ್ಲವೋ ನೋಡಿ ಅಂದವನು ಅವನು. 'ನಂಬಿಸುತ್ತದೆಯೇ' ಅನ್ನುವುದೊಂದೇ ಅವನ ತಕ್ಕಡಿ. ಒಬ್ಬ ನಿರ್ದೇಶಕ, ತಾನು ಹಾಕಿದ ಒಂದು ದೀಪದ ಬಗ್ಗೆ ಇವನು ಮೆಚ್ಚಿ ಬರೆದದ್ದಕ್ಕೆ, ಫೋನಿನಲ್ಲಿ ಗಳಗಳ ಅತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಅವನು ಫೋನು ಕಿವಿಯಿಂದ ದೂರ ಹಿಡಿದುಕೊಂಡು ಕೇಳಿದ್ದ.

ಚಹಾ ಉಕ್ಕಿ ಒಲೆಗೆ ಬಿತ್ತು. ಅಮ್ಮ ಮನೆಯಲ್ಲಿದ್ದಾಗ ಉಕ್ಕುತ್ತಿರಲಿಲ್ಲ. ಅಮ್ಮನಿಗೆ ಹೆಸರುಗಳು ಮರೆತುಹೋದವು, ಊಟ ಮಾಡಿದ್ದು ಮರೆತುಹೋಯಿತು, ಕೊನೆಗೆ ಅವನು ತಮ್ಮನೋ ಮಗನೋ ಅನ್ನುವುದೂ ಮರೆತುಹೋಯಿತು. ಆದರೆ ಹಾಲು ಉಕ್ಕುವ ಹೊತ್ತಿಗೆ ಎಲ್ಲಿದ್ದರೂ ಬಂದು ನಿಲ್ಲುತ್ತಿದ್ದಳು. ಹಾಗೇ ಅವನ ಕೋಣೆಯ ಬಾಗಿಲಿಗೂ ಬಂದು ನಿಲ್ಲುತ್ತಿದ್ದಳು. ಪರದೆಯ ಮೇಲೆ ಯಾವಳೋ ಹುಡುಗಿ ಕುರ್ಚಿಗೆ ಕಟ್ಟಿಸಿಕೊಂಡು ಕೂಗುತ್ತಿದ್ದರೆ, ಅಮ್ಮ ಬಾಗಿಲ ಹತ್ತಿರ ಸೆರಗು ಹಿಡಿದು ನಿಂತು, "ಆ ಹುಡುಗಿ ಯಾಕೋ ಹಂಗೆ ಕೂಗ್ತಾಳೆ? ಗಂಟಲು ಒಣಗಿರುತ್ತೆ, ಒಂದು ಲೋಟ ನೀರು ಕೊಡ್ಬಾರ್ದೇನೋ?" ಅನ್ನುತ್ತಿದ್ದಳು. 'ಅದು ಸಿನಿಮಾ, ಅಮ್ಮ' ಎಂದು ಅವನು ಅಂದರೆ ಹ್ಞೂಂ ಅನ್ನುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ತುಂಬಿದ ಲೋಟ ಹಿಡಿದು, ನೆಲದ ಮೇಲೆಲ್ಲ ಚೆಲ್ಲುತ್ತಾ, ಮನೆಯ ಮೂಲೆಮೂಲೆಯಲ್ಲಿ ಹುಡುಗಿಯನ್ನು ಹುಡುಕುತ್ತಿದ್ದಳು. ಮಂಚದ ಕೆಳಗೆ ಬಗ್ಗಿ ನೋಡುತ್ತಿದ್ದಳು. ಒಂದು ದಿನ ಹಾಗೆ ಚೆಲ್ಲಿದ ನೀರಿನ ಮೇಲೆ ಅವಳೇ ಜಾರಿ ಬಿದ್ದಳು. ಮೂಳೆಗೇನೂ ಆಗಲಿಲ್ಲ, ಆದರೆ ಅವನಿಗೆ ಒಂದು ಕಾರಣ ಸಿಕ್ಕಿತು. ಅವಳ ನೆಮ್ಮದಿಗೆ ಅಂತ ವಯಸ್ಸಾದವರ ಒಂದು ಆರೈಕೆ ಮನೆ ಹುಡುಕಿದವನು ಅವನು, ಸೇರಿಸಿ ಬಂದವನೂ ಅವನು. ಅಮ್ಮನ ಕೋಣೆಯಲ್ಲಿ ಈಗ ನೆಲದಿಂದ ಸೂರಿನವರೆಗೆ ಡಿಸ್ಕುಗಳ ಕಪಾಟು. ಅಕ್ಕ ಅವತ್ತು ಆರೈಕೆ ಮನೆಯ ಗೇಟಿನಲ್ಲಿ ನಿಂತು ಒಂದೇ ಮಾತು ಕೇಳಿದ್ದಳು: "ಒಂದು ಹೆಡ್‌ಫೋನ್ ತಗೊಂಡಿದ್ರೆ ಆಗ್ತಿತ್ತಲ್ಲೋ?" ಅದು ಅವನಿಗೆ ನಿಜವಾಗಿಯೂ ಹೊಳೆದಿರಲಿಲ್ಲ.

ಒಲೆ ಒರೆಸುತ್ತಿದ್ದಾಗ ಅಕ್ಕನದೇ ಫೋನು ಬಂತು.

"ಎದ್ದಿದೀಯಾ?"

"ಹ್ಞೂಂ."

"ಏನಾದ್ರೂ ತಿಂದ್ಯಾ?"

ಅಕ್ಕ ಮೊದಲು ತಿಂದೆಯಾ ಎಂದು ಕೇಳಿದಳೆಂದರೆ ಒಳ್ಳೆಯ ಸುದ್ದಿಯಲ್ಲ. ಅಪ್ಪ ಹೋದಾಗಲೂ ಹಾಗೇ ಕೇಳಿ, ಇಲ್ಲ ಅಂದದ್ದಕ್ಕೆ, ತಿಂದು ಫೋನ್ ಮಾಡು ಅಂದಿದ್ದಳು. ಅವನು ಆಯ್ತು ಎಂದು ಸುಳ್ಳು ಹೇಳಿದ.

"ನಿನ್ನ ಉತ್ತರ ಬಂತು."

"ಯಾವುದಕ್ಕೆ?"

"ನಾನು ಕಳಿಸಿದ್ದಕ್ಕೆ. ಫೋನ್ ಮಾಡಿದ್ರೆ ಎತ್ತಲ್ಲ, ಮೆಸೇಜ್ ನೋಡಲ್ಲ. ಆ ಸಿನಿಮಾದವರು ಕಳಿಸೋ ವಿಳಾಸಕ್ಕೆ ಹಾಕಿದ್ರೆ ಅವತ್ತೇ ನೋಡ್ತೀಯ ಅಂತ ನಮ್ಮ ಕ್ಲಿನಿಕ್ ಕಂಪ್ಯೂಟರಿಂದ ಅಲ್ಲಿಗೇ ಹಾಕ್ದೆ." ಅಕ್ಕ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಮುಂಬಾಗಿಲ ರಿಸೆಪ್ಷನ್ ಮೇಜಿಗೆ ಕೂರುತ್ತಾಳೆ. ಅವಳ ಹಿಂದೆ ಯಂತ್ರವೊಂದು ಗುಂಯ್ ಅನ್ನುತ್ತಿತ್ತು. "ಏನು ಬರ್ದಿದೀಯ ಓದ್ಲಾ? 'ಸಂಯಮ ಮೆಚ್ಚುವಂಥದ್ದು.' ಯಾರ ಸಂಯಮನೋ? 'ನಟಿಗೆ ಚಿತ್ರಕಥೆ ಮೊದಲೇ ಗೊತ್ತಿದೆ.' ನೀನು ಕುಹಕ ಆಡ್ತಿದೀಯ ಅಂದ್ಕೊಂಡೆ. ಆಮೇಲೆ, ಸಂಕಟದಲ್ಲಿ ಏನೇನೋ ಬರ್ದಿದಾನೆ ಪಾಪ ಅಂದ್ಕೊಂಡೆ. ಬೆಳಿಗ್ಗೆ ಅದು ಪತ್ರಿಕೇಲೂ ಬಂದಿದೆ. ನಿಜ ಹೇಳು, ನಿಂಗೆ ಗೊತ್ತಾಗ್ಲಿಲ್ವಾ?"

"ಏನು?"

"ಅಮ್ಮ ಕಣೋ ಅದು."

ಅವನ ತಲೆಗೆ ಮೊದಲು ಬಂದ ಮಾತು, ಓಹೋ, ಅದಕ್ಕೇ ಬೆಳಕು ಅಷ್ಟು ಕೆಟ್ಟದಾಗಿತ್ತು ಅಂತ. ಎರಡನೆಯದು, ಹಾಗಾದರೆ ಬರೆದದ್ದನ್ನು ತಿದ್ದಬೇಕಲ್ಲ ಅಂತ. ಮೂರನೆಯದು ಬರಲಿ ಎಂದು ಅವನು ಕಾದ. ಅಕ್ಕ ಮಾತಾಡುತ್ತಲೇ ಇದ್ದಳು. ಅಮ್ಮನ ಕೆನ್ನೆ ಮೇಲೆ ಗುರುತು ಕಂಡು ಕೇಳಿದರೆ ಬಿದ್ದರು ಅಂದರಂತೆ. ಎರಡನೇ ಸಲ ಕೇಳಿದರೂ ಬಿದ್ದರು ಅಂದರಂತೆ. ಅದಕ್ಕೇ ಅಮ್ಮನ ಮಂಚದ ಪಕ್ಕದ ಮೇಜಿನ ಮೇಲಿನ ಗಡಿಯಾರ ತೆಗೆದು, ಅಂಥದೇ ಇನ್ನೊಂದು, ಹೊಟ್ಟೆಯಲ್ಲಿ ಕ್ಯಾಮೆರಾ ಇರುವಂಥದ್ದು, ತಂದಿಟ್ಟಳಂತೆ. ಹೇನಾಗುತ್ತೆ ಅಂತ ಕೂದಲನ್ನೂ ಕತ್ತರಿಸಿಬಿಟ್ಟಿದ್ದಾರೆ, ನಿನಗೆ ಗೊತ್ತಿರೋದು ಹೇಗೆ, ನೀನು ಕಡೇ ಸಲ ಹೋದದ್ದು ಯಾವಾಗ? ಅವನು ಒಲೆಯ ಮೇಲೆ ಅಂಟಿದ ಚಹಾದ ಕಲೆಯನ್ನು ಉಗುರಿನಿಂದ ಕೆರೆಯುತ್ತಿದ್ದ. ದುಃಖವನ್ನು, ಬಸ್ಸಿನಲ್ಲಿ ಚಿಲ್ಲರೆ ಹುಡುಕುವವರ ಹಾಗೆ, ಒಂದೊಂದೇ ಜೇಬಿನಲ್ಲಿ ತಡಕಾಡಿದ. ಇರಲೇಬೇಕು, ಇಲ್ಲೇ ಎಲ್ಲೋ ಇಟ್ಟಿದ್ದೆ.

"ಕೇಳಿಸ್ತಿದೆಯೇನೋ?"

"ಹ್ಞೂಂ."

"ನಾನು ರಜ ಹಾಕಿ ಅಲ್ಲಿಗೇ ಹೋಗ್ತಿದೀನಿ. ನೀನೂ ಬಾ. ಇವತ್ತು ಅವಳನ್ನ ಅಲ್ಲಿ ಬಿಡಲ್ಲ ನಾನು. ನಮ್ಮ ಮನೇಲಿ ಮಾವನೋರು ಹಾಸಿಗೆ ಹಿಡಿದಿದಾರೆ, ಕಾಲಿಡೋಕೆ ಜಾಗ ಇಲ್ಲ, ನಿಂಗೆ ಗೊತ್ತಲ್ಲ. ನಿನ್ನ ಮನೇಗೆ ಕರ್ಕೊಂಡು ಹೋಗ್ತೀಯೋ ಇಲ್ವೋ? ಅಷ್ಟು ಹೇಳು."

"ನೋಡೋಣ," ಅಂದ.

"ನೋಡಿದ್ಯಲ್ಲೋ ಮಾರಾಯ, ಇನ್ನೇನು ನೋಡೋದು?" ಅಂದಳು ಅಕ್ಕ, ಫೋನು ಇಟ್ಟಳು.

ಹೊರಡುವ ಮುಂಚೆ ಇನ್ನೊಮ್ಮೆ ಚಿತ್ರ ಹಾಕಿದ. ನಿಂತುಕೊಂಡೇ ನೋಡಿದ, ಮರ್ಯಾದೆಗೆ ಎಂಬಂತೆ. ಈಗ ಗೊತ್ತಾಗುತ್ತಿತ್ತು. ಬಲ ಭುಜ ಎಡಕ್ಕಿಂತ ಸ್ವಲ್ಪ ತಗ್ಗು. ಅವನನ್ನು ಎತ್ತಿಕೊಂಡು ಎತ್ತಿಕೊಂಡೇ ಹಾಗಾಯಿತು ಅನ್ನುತ್ತಿದ್ದಳು. ಕಾಲಿನ ಹೆಬ್ಬೆರಳ ಮೇಲೆ ಇನ್ನೊಂದು ಕಾಲಿನ ಹಿಮ್ಮಡಿ ಇಟ್ಟು ಉಜ್ಜುವ ಅಭ್ಯಾಸ. ಇದನ್ನೆಲ್ಲ ನಿನ್ನೆಯೂ ನೋಡಿದ್ದ, ಎಂಥಾ ನಟಿ, ಕಾಲಿನಲ್ಲೂ ನಟಿಸುತ್ತಾಳೆ ಎಂದು ಮೆಚ್ಚಿಕೊಂಡೂ ಇದ್ದ. ಏಟು ಬೀಳುವ ಜಾಗಕ್ಕೆ ಬಂದಾಗ ಎವೆಯಿಕ್ಕಬೇಕು, ಇಕ್ಕಿದರೆ ಒಳ್ಳೆಯದು ಎಂದು ಕಾದ. ಏಟು ಬಿತ್ತು. ಕಣ್ಣು ತೆರೆದೇ ಇತ್ತು. ಎಮ್ಮೆ ಚರ್ಮ, ಎಂದು ತನ್ನನ್ನೇ ಬೈದುಕೊಂಡ. ಅದೂ ಯಾರೋ ಬರೆದುಕೊಟ್ಟ ಸಂಭಾಷಣೆಯ ಹಾಗೆ ಕೇಳಿಸಿತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಸಿಕ್ಕಿದ್ದಕ್ಕೆ ಸಮಾಧಾನವಾಯಿತು, ಸಮಾಧಾನವಾದದ್ದಕ್ಕೆ ನಾಚಿಕೆಯಾಯಿತು. ಅಂಗಡಿಗಳು ಬಾಗಿಲು ತೆಗೆಯುತ್ತಿದ್ದವು. ಒಬ್ಬಳು ಹೆಂಗಸು ಗಾಜಿನೊಳಗಿನ ಬೊಂಬೆಗೆ ಕೋಟು ತೊಡಿಸುತ್ತಾ, ಬೊಂಬೆಯ ಕೈ ತಿರುಗದೆ ಇದ್ದದ್ದಕ್ಕೆ ಕೈಯನ್ನೇ ಕಳಚಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಸಂಪಾದಕನ ಫೋನು ಬಂತು.

"ಏನ್ರೀ, ಬೆಂಕಿ ಹಚ್ಚಿಬಿಟ್ರಲ್ಲ! ಎಲ್ಲರೂ ಅದನ್ನೇ ಕೇಳ್ತಿದಾರೆ. ಚಿತ್ರೋತ್ಸವದವರು ಫೋನ್ ಮಾಡಿದ್ರು, ತೋರಿಸ್ತಾರಂತೆ. ಯಾರ್ರೀ ಈ ರಿಸೆಪ್ಷನ್?"

"ಅದನ್ನ ತೆಗೆದುಬಿಡಿ."

"ಯಾಕ್ರೀ? ಕದ್ದ ಮಾಲಾ?"

"ಹಂಗೇ ಅಂದ್ಕೊಳ್ಳಿ."

"ಕದ್ದದ್ದಾದ್ರೆ ಇನ್ನೂ ಒಳ್ಳೇದಾಯ್ತಲ್ರೀ!" ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ಸಂಪಾದಕ.

"ಅದು ಚಿತ್ರ ಅಲ್ಲ."

"ವ್ಹಾ! ಅದನ್ನೇ ಶೀರ್ಷಿಕೆ ಮಾಡೋಣ. 'ಇದು ಚಿತ್ರವಲ್ಲ.' ಸಂಜೆಯೊಳಗೆ ಇನ್ನೊಂದು ಪುಟ ಬರ್ಕೊಡಿ."

ಅದು ನಮ್ಮಮ್ಮ ಅನ್ನಬೇಕಾಗಿತ್ತು. ಎರಡೇ ಮಾತು. ಪಕ್ಕದಲ್ಲಿ ಕೂತಿದ್ದ ಮುದುಕನೊಬ್ಬ ತರಕಾರಿ ಚೀಲವನ್ನು ಅವನ ಕಾಲಿಗೆ ಒತ್ತಿ ಇಟ್ಟಿದ್ದ. ಅವನ ಎದುರಿಗೆ ಆ ಮಾತು ಹೇಗೆ ಆಡುವುದು? ಆಮೇಲೆ ಮಾಡ್ತೀನಿ ಎಂದು ಫೋನು ಇಟ್ಟ. 'ಅದು ನಮ್ಮಮ್ಮ' ಎಂದು ಮೆಸೇಜು ಬರೆದ. ಓದಿದ. ಅದೂ ಒಂದು ಶೀರ್ಷಿಕೆಯ ಹಾಗೇ ಕಾಣಿಸಿ, ಒಂದೊಂದೇ ಅಕ್ಷರ ಅಳಿಸಿದ. ಇಳಿಯುವ ಜಾಗ ದಾಟಿಹೋಗಿತ್ತು. ಹಿಂದಕ್ಕೆ ನಡೆಯುತ್ತಾ, ಸ್ಟಾಪು ನೆನಪಿರುವಷ್ಟು ಸಲವೂ ಇಲ್ಲಿಗೆ ಬಂದಿಲ್ಲವಲ್ಲ ನಾನು ಅಂದುಕೊಂಡ.

ಅಕ್ಕ ಗೇಟಿನ ಒಳಗೆ, ಕ್ಲಿನಿಕ್ಕಿನ ಬಿಳಿ ಕೋಟು ತೆಗೆಯುವುದನ್ನೂ ಮರೆತು ನಿಂತಿದ್ದಳು. ಅತ್ತಿರಲಿಲ್ಲ. ತುಟಿ ಮಾತ್ರ ಒಣಗಿ ಬಿರಿದಿತ್ತು. ಅವನನ್ನು ಮೇಲಿಂದ ಕೆಳಗೆ ನೋಡಿ, "ತಲೆ ಬಾಚ್ಕೊಂಡು ಬಂದಿದೀಯ," ಅಂದಳು. ಅವನ ಕೈ ತಲೆಗೆ ಹೋಯಿತು. ಬಾಚಿದ್ದು ಅವನಿಗೆ ನೆನಪಿರಲಿಲ್ಲ.

"ನಾನು ಮೇಲ್ವಿಚಾರಕನ ಹತ್ರ ಹೋಗ್ತೀನಿ. ವಿಡಿಯೋ ತೋರಿಸ್ತೀನಿ. ಅಲ್ಲೀವರೆಗೂ ನೀನು ಅವಳ ಹತ್ರ ಕೂತಿರು. ಕೂತಿರೋಕೆ ಬರುತ್ತಲ್ಲ?"

"ಅಕ್ಕ, ಅದರಲ್ಲಿ ಹೊಡೆಯೋ ಹೆಂಗಸಿನ ಮುಖ ಕಾಣಲ್ಲ, ತೋಳು ಮಾತ್ರ ಕಾಣುತ್ತೆ. ಅವರು ಒಪ್ಪದೇ ಇರಬಹುದು."

ಬಾಯಿಂದ ಬಿದ್ದ ಮೇಲೆ ಅದು ಹೇಗೆ ಕೇಳಿಸಿತು ಎಂದು ಅವನಿಗೆ ಗೊತ್ತಾಯಿತು.

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇನೋ?" ಅಂದಳು. "ಹೋಗು. ಮೂರನೇ ಬಾಗಿಲು. ಮರೆತಿರ್ತೀಯ."

ಮೂರನೇ ಬಾಗಿಲು ತೆಗೆದು ಒಳಗೆ ಹೋದಾಗ ಅವನು ಕಾಲಿಟ್ಟದ್ದು ಕೋಣೆಯೊಳಕ್ಕಲ್ಲ, ಚೌಕಟ್ಟಿನೊಳಕ್ಕೆ. ಅದೇ ಕಬ್ಬಿಣದ ಮಂಚ, ಅದೇ ಗೋಡೆ. ಚಿತ್ರದಲ್ಲಿ ಕಾಣದಿದ್ದದ್ದು ವಾಸನೆ, ಫಿನಾಯಿಲು ಮತ್ತು ಬೆಂದ ಅನ್ನ. ಮತ್ತೆ ಒಂದು ಕಿಟಕಿ, ಅದರಾಚೆ ಒಗೆದು ಹರವಿದ ಹಾಸಿಗೆ ಬಟ್ಟೆಗಳು. ಗಡಿಯಾರ ಮೇಜಿನ ಮೇಲೆ ಕೂತು ನೋಡುತ್ತಿತ್ತು. ಅಮ್ಮ ಗೋಡೆಯ ಕಡೆ ತಿರುಗಿ ಕೂತಿದ್ದಳು. ಬೆನ್ನು ಚಿತ್ರದಲ್ಲಿದ್ದದ್ದಕ್ಕಿಂತ ಸಣ್ಣದಾಗಿತ್ತು. ಎಲ್ಲಿ ಕೂರಬೇಕೆಂದು ತಿಳಿಯದೆ ಅವನು ಗಡಿಯಾರಕ್ಕೆ ಅಡ್ಡ ಬಾರದ ಹಾಗೆ ಸ್ಟೂಲು ಎಳೆದುಕೊಂಡ. ಆಮೇಲೆ ಅದು ಹೊಳೆದು, ಎದ್ದು ಬೇಕೆಂದೇ ಅಡ್ಡ ಕೂತ.

"ಅಮ್ಮ."

ತಿರುಗಲಿಲ್ಲ. ಬಾಗಿಲು ತೆರೆಯಿತು. ನೀಲಿ ಅಂಗಿಯ ಹೆಂಗಸು ನೀರಿನ ಲೋಟ ಹಿಡಿದು ಬಂದಳು. ನಡುವಯಸ್ಸು, ದಣಿದ ಮುಖ, ಬಾಯಿತುಂಬಾ ನಗು. "ಅಜ್ಜಿ, ಯಾರು ಬಂದಿದಾರೆ ನೋಡಿ! ಮಗರಾಯರು! ಎಷ್ಟು ದಿನ ಆದ್ಮೇಲೆ!" ಲೋಟವನ್ನು ಅವನ ಕೈಗೇ ಕೊಟ್ಟಳು. "ಕುಡೀರಿ ಸರ್, ಬಿಸಿಲಲ್ಲಿ ಬಂದಿದೀರ." ಆ ತೋಳನ್ನು ಅವನು ಮೊಣಕೈಯಿಂದ ಬೆರಳಿನವರೆಗೂ ಬಲ್ಲ. ಮಣಿಕಟ್ಟಿನ ಹತ್ತಿರ ಎಣ್ಣೆ ಸಿಡಿದ ಸುಟ್ಟ ಕಲೆ ಇದೆ ಎಂದು ಅವಳು ತೋಳು ಚಾಚುವ ಮೊದಲೇ ಗೊತ್ತಿತ್ತು. ಏನಾದರೂ ಅನ್ನಬೇಕಾದ ಜಾಗ ಅದು. ಯಾವ ಚಿತ್ರದಲ್ಲಾದರೂ ಇಲ್ಲಿ ಮಗ ಸುಮ್ಮನಿದ್ದರೆ, ಇದು ನಂಬಿಸುವುದಿಲ್ಲ ಎಂದು ಅವನೇ ಬರೆಯುತ್ತಿದ್ದ.

"ಥ್ಯಾಂಕ್ಸ್," ಅಂದ.

ಅವಳು ಹೋದಳು. ಲೋಟವನ್ನು ಮೇಜಿನ ಮೇಲಿಟ್ಟ, ಗಡಿಯಾರದ ಪಕ್ಕ. ಥ್ಯಾಂಕ್ಸ್. ಅವನಿಗೆ ನಗು ಬರುವ ಹಾಗಾಯಿತು, ಬರಲಿಲ್ಲ. ಅಕ್ಕನ ಹತ್ತಿರ ಏನು ಹೇಳುವುದು? ಕರೆದುಕೊಂಡು ಹೋಗುವುದು ಅಂದರೆ ಕಪಾಟುಗಳನ್ನು ಎಲ್ಲಿಡುವುದು, ರಾತ್ರಿ ಎದ್ದರೆ ಯಾರು ನೋಡುವುದು, ಅವನು ಹೊರಗೆ ಹೋದರೆ? ನಿಜವಾದ ಪ್ರಶ್ನೆಗಳೇ. ಒಂದೂ ಸುಳ್ಳಲ್ಲ. ಇಲ್ಲೇ ಇರಲಿ, ಆ ಹೆಂಗಸನ್ನು ಕೆಲಸದಿಂದ ತೆಗೆಸಿದರಾಯಿತು ಎಂದು ಅವನೊಳಗೇ ಒಬ್ಬ ಮೆಲ್ಲಗೆ ಹೇಳುತ್ತಿದ್ದ, ಅವನ ಮಾತೂ ತೆಗೆದುಹಾಕುವಂಥದ್ದಲ್ಲ. ಹೌದು, ಹಾಗೇ ಹೇಳೋಣ ಎಂದು ಅವನು ಹೆಚ್ಚುಕಡಿಮೆ ಒಪ್ಪಿಕೊಂಡ. ಒಪ್ಪಿಕೊಂಡ ಮೇಲೆ ಹಗುರವಾಗಿ, ಅಮ್ಮನ ಮೇಲೆ ಸ್ವಲ್ಪ ಪ್ರೀತಿ ಉಕ್ಕಿ, ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡ. ಆ ಸದ್ದಿಗೆ ಅಮ್ಮ ತಿರುಗಿದಳು. ಕೆನ್ನೆಯ ಮೇಲೆ ಹಳದಿಗೆ ತಿರುಗಿದ ಒಂದು ಗುರುತು. ಕತ್ತರಿಸಿ ಉಳಿದ ಕೂದಲು ಹಣೆಯಿಂದ ಇಳಿದು ಕಣ್ಣಿಗೆ ಚುಚ್ಚುತ್ತಿತ್ತು, ಆ ಕಣ್ಣಲ್ಲಿ ನೀರಾಡುತ್ತಿತ್ತು. ಅದನ್ನು ಸರಿಸೋಣ ಅಂದುಕೊಂಡ. ಇನ್ನೂ ಅಂದುಕೊಂಡನಷ್ಟೆ. ಮಡಿಲಲ್ಲಿದ್ದ ಅವನ ಕೈ ಇನ್ನೂ ಮಡಿಲಲ್ಲೇ ಇತ್ತು, ಭುಜ ಮಾತ್ರ ಅಲ್ಲಾಡಿತ್ತೋ ಏನೋ.

ಅಮ್ಮನ ಕೈ ಎದ್ದಿತು. ಮುಖ ಮುಚ್ಚಿಕೊಂಡಳು.

ಅವನು ಅಲ್ಲಾಡಲಿಲ್ಲ. ಬೆರಳುಗಳ ಸಂದಿಯಿಂದ ಒಂದು ಕಣ್ಣು ಅವನ ಕೈಯನ್ನೇ ನೋಡುತ್ತಿತ್ತು, ಅವನನ್ನಲ್ಲ. ಅವಳು ಕಾಯುತ್ತಿದ್ದಳು. ಏಟು ಬಿದ್ದು ಮುಗಿದರೆ ಕೈ ಇಳಿಸಬಹುದು, ಬೀಳಲಿ ಎಂದು ಕಾಯುತ್ತಿದ್ದಳು. ಚಿತ್ರಕಥೆ ಗೊತ್ತಿತ್ತು ಅವಳಿಗೆ. ದಿನಾ ಅದೇ ಚಿತ್ರಕಥೆ. ಅವನು ಬರೆದದ್ದರಲ್ಲಿ ಅದೊಂದು ಸಾಲು ಪೂರ್ತಿ ನಿಜವಾಗಿತ್ತು, ಅದನ್ನೇ ಅವನು ತಪ್ಪು ಎಂದು ಬರೆದಿದ್ದ. ಅವನಿಗೆ ನೋವಾಯಿತು. ನೋವು ಎಂದರೆ ನೋವೇ, ಬೇರೆ ಹೆಸರಿಲ್ಲ. ಕೈಗಳನ್ನು ಏನು ಮಾಡುವುದು? ಎತ್ತುವ ಹಾಗಿಲ್ಲ, ಚಾಚುವ ಹಾಗಿಲ್ಲ. ಕೊನೆಗೆ ಎರಡನ್ನೂ ತೊಡೆಯ ಕೆಳಗೆ ತೂರಿಸಿ, ಅವುಗಳ ಮೇಲೇ ಕೂತ, ಶಾಲೆಯಲ್ಲಿ ತಪ್ಪು ಮಾಡಿದ ಹುಡುಗರು ಕೂರುವ ಹಾಗೆ.

"ಹೊಡಿಯಲ್ಲಮ್ಮ," ಅಂದ.

ನಂಬಲಿಲ್ಲ. ಯಾಕೆ ನಂಬಬೇಕು? ನಂಬಿಸುವಂಥದ್ದು ಅವನ ಹತ್ತಿರ ಏನಿತ್ತು?

ಆಗ ಕೊನೆಯ ಕೋಣೆಯ ಕಡೆಯಿಂದ ಕೂಗು ಕೇಳಿಸಿತು. ಮೊದಲು ಮಾತಾಗಿತ್ತು, ಆಮೇಲೆ ಮಾತು ಒಡೆದು ಬರೀ ಕೂಗಾಯಿತು. ಅಕ್ಕ. ಅಷ್ಟು ವರ್ಷದಲ್ಲಿ ಅಕ್ಕ ಕೂಗಿದ್ದನ್ನು ಅವನು ಕೇಳಿರಲಿಲ್ಲ, ಅದಕ್ಕೇ ಗುರುತು ಹತ್ತಲು ಸ್ವಲ್ಪ ಹೊತ್ತಾಯಿತು. ಅಮ್ಮನ ಬೆರಳುಗಳು ಸ್ವಲ್ಪ ಸಡಿಲವಾದವು.

"ಆ ಹುಡುಗಿ ಇನ್ನೂ ಕೂಗ್ತಿದಾಳೆ," ಅಂದಳು ಕೈಯ ಹಿಂದಿನಿಂದ. "ಯಾರೂ ನೀರು ಕೊಡ್ಲೇ ಇಲ್ವಾ?"

"ಇಲ್ಲ ಅಮ್ಮ."

"ಇಷ್ಟು ದಿನದಿಂದ?"

"ಹ್ಞೂಂ."

"ಥೂ, ಎಂಥಾ ಜನಾನೋ!" ಅಂದಳು, ಮುಖದ ಮೇಲಿನ ಕೈ ತೆಗೆದು ಅದೇ ಕೈಯನ್ನು ಮೇಜಿನ ಮೇಲಿದ್ದ ಲೋಟಕ್ಕೆ ಚಾಚಿದಳು. ನಿಲುಕಲಿಲ್ಲ. ಅವನು ತೊಡೆಯ ಕೆಳಗಿಂದ ಒಂದು ಕೈ ಎಳೆದು, ಅವಳು ಬೆಚ್ಚದ ಹಾಗೆ ತಗ್ಗಿನಲ್ಲೇ ಒಯ್ದು, ಲೋಟವನ್ನು ಕೆಳಗಿನಿಂದ ಅವಳ ಕೈಗೆ ಮುಟ್ಟಿಸಿದ. ಅಮ್ಮ ಎದ್ದಳು. ಹಿಡಿದುಕೊಳ್ಳಲು ಹೋದರೆ ಬೇಡವೆಂದು ಭುಜ ಕೊಡವಿ ತಾನೇ ಬಾಗಿಲಿಗೆ ನಡೆದಳು. ಹಿಂದೆ ಖಾಲಿ ಮಂಚವನ್ನು ಗಡಿಯಾರ ನೋಡುತ್ತಾ ಉಳಿಯಿತು. ಪಡಸಾಲೆಯುದ್ದಕ್ಕೂ ನೀರು ತೊಟ್ಟಿಕ್ಕಿತು, ಅವನು ಹಿಂದಿನಿಂದ ಅದನ್ನು ಕಾಲಲ್ಲಿ ಒರೆಸುತ್ತಾ ನಡೆದ. ನಡುವೆ ನೀಲಿ ಅಂಗಿಯವಳು ಎದುರಾಗಿ, "ಎಲ್ಲಿಗೆ ಅಜ್ಜಿ?" ಅಂದಳು. ಅಮ್ಮನ ಇನ್ನೊಂದು ಕೈ ತಟ್ಟನೆ ಮುಖಕ್ಕೆ ಹೋಯಿತು. ಅವನು ಮುಂದೆ ಬಂದು ಇಬ್ಬರ ನಡುವೆ ನಿಂತ. ಅವಳು ದಾರಿ ಬಿಡುವವರೆಗೂ ಅಲ್ಲಿಂದ ಕದಲಲಿಲ್ಲ.

ಕೊನೆಯ ಕೋಣೆಯಲ್ಲಿ ಮೇಲ್ವಿಚಾರಕ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಮೇಡಂ, ಇದರಲ್ಲಿ ಮುಖಾನೇ ಕಾಣಲ್ಲವಲ್ಲ," ಅನ್ನುತ್ತಿದ್ದ. ಅಕ್ಕ ಮೇಜಿಗೆ ಎರಡೂ ಕೈ ಊರಿ ನಿಂತಿದ್ದಳು, ಮುಖವೆಲ್ಲ ನೀರಾಗಿತ್ತು. ಅಮ್ಮ ನೇರ ಹೋಗಿ ಲೋಟವನ್ನು ಅವಳ ತುಟಿಗೆ ಹಿಡಿದಳು.

"ಕುಡಿ. ಸಾಕು ಕೂಗಿದ್ದು. ಗಂಟಲು ಒಣಗುತ್ತೆ."

ಅಕ್ಕ ಕುಡಿದಳು. ಕುಡಿಯುತ್ತಲೇ ಲೋಟದ ಅಂಚಿನ ಮೇಲಿಂದ ಅವನನ್ನು ನೋಡಿದಳು. ನುಂಗಿ, ಬಾಯಿ ಒರೆಸಿಕೊಂಡು, "ಹೇಳು," ಅಂದಳು. "ಕರ್ಕೊಂಡು ಹೋಗ್ತೀಯಾ?"

ಅವನು ಹೇಳಬೇಕೆಂದಿದ್ದದ್ದು ಬಹಳವಿತ್ತು. ಆ ಹೆಂಗಸಿನ ಸುಟ್ಟ ಕಲೆಯ ಬಗ್ಗೆ, ಅದು ವಿಡಿಯೋದಲ್ಲಿ ಕಾಣುತ್ತದೆ ಎಂಬುದರ ಬಗ್ಗೆ, ಬೆನ್ನಿನ ಬಗ್ಗೆ, ಬೆರಳ ಸಂದಿಯ ಆ ಕಣ್ಣಿನ ಬಗ್ಗೆ. ಬಾಯಿಗೆ ಬಂದದ್ದು ಬೇರೆ.

"ದಾರೀಲಿ ಒಂದು ಹೆಡ್‌ಫೋನ್ ತಗೋಬೇಕು," ಅಂದ.

ಅಕ್ಕ ಅವನ ಕಪಾಳಕ್ಕೆ ಹೊಡೆದಳು. ಮೇಲ್ವಿಚಾರಕ ಕುರ್ಚಿಯಿಂದ ಅರ್ಧ ಎದ್ದ. ತಮ್ಮನ ಕೈ ಮುಖಕ್ಕೆ ಹೋಯಿತು, ಏಟು ಬಿದ್ದ ಮೇಲೆ. ಕಣ್ಣು ಮುಚ್ಚಿಹೋಗಿತ್ತು. ತೆರೆದಾಗ ಅಮ್ಮ ಎದುರಿಗೆ ನಿಂತಿದ್ದಳು. ಲೋಟದೊಳಗೆ ಇಣುಕಿ, ಎಷ್ಟು ಉಳಿದಿದೆ ಎಂದು ನೋಡಿ, ಅವನ ಕಡೆ ಚಾಚಿದಳು.

"ನೀನೂ ಕುಡಿ," ಅಂದಳು.

ಅವನು ಕುಡಿದ.